ಇ20, ತೊಂಬತ್ತೈದು, ನೂರು: ನಿಮ್ಮ ಕಾರಿಗೆ ಯಾವ ಪೆಟ್ರೋಲ್?

2017ರ ಸ್ವಿಫ್ಟ್‌ಗೆ ಎಥೆನಾಲ್ ಬೆರೆತ ಇ20 ಪೆಟ್ರೋಲ್ ಹಾಕಿದರೆ ಎಂಜಿನ್ ಹೋಗುತ್ತಾ? ಲೀಟರಿಗೆ ಅರವತ್ತು ರೂಪಾಯಿ ಜಾಸ್ತಿ ಕೊಟ್ಟು ನೂರು ಆಕ್ಟೇನ್ ಪೆಟ್ರೋಲ್ ಹಾಕಿಸಲಾ? ಆನ್‌ಲೈನಲ್ಲಿ ಸಿಗುವ ಎಥೆನಾಲ್ ನಿವಾರಕ ಬಾಟಲಿ ಔಷಧಿ ಸುರಿದರೆ ಸಾಕಾ? ಒಂದೂವರೆ ವರ್ಷದಿಂದ ಕಾರಿನವರ ಬಾಯಲ್ಲಿ ಇವೇ ಪ್ರಶ್ನೆಗಳು. ಉತ್ತರ ಹೇಳುವವರಲ್ಲಿ ಅರ್ಧ ಜನ "ಏನೂ ಆಗಲ್ಲ" ಅನ್ನುತ್ತಾರೆ, ಇನ್ನರ್ಧ ಜನ "ಎಂಜಿನ್ ಗೋವಿಂದ" ಅನ್ನುತ್ತಾರೆ. ಯಾವ ಕಾರು, ಎಷ್ಟು ಓಡುತ್ತದೆ, ಎಷ್ಟು ದಿನ ನಿಂತಿರುತ್ತದೆ ಎಂದು ಇಬ್ಬರೂ ಕೇಳುವುದಿಲ್ಲ.

ಮುಚ್ಚುಮರೆ ಯಾಕೆ, ತೀರ್ಪು ಮೊದಲೇ ಹೇಳಿಬಿಡೋಣ. ದಿನಾ ಓಡುವ ಕಾರಿಗೆ ಇ20 ಹಾಕಿಸಿ, ದುಬಾರಿ ಪೆಟ್ರೋಲಿಗೆ ಸುರಿಯುವ ದುಡ್ಡನ್ನು ಹೋಸು, ಸೀಲು, ಫಿಲ್ಟರಿಗೆ ಹಾಕಿ. ಈ ಮಾತು ಒಪ್ಪದ ಕಾರುಗಳೂ ಇವೆ. ನಿಮ್ಮದು ಆ ಪೈಕಿಯೋ ಅಲ್ಲವೋ ಅನ್ನುವುದನ್ನು ಮುಂದಿನ ಲೆಕ್ಕದಲ್ಲಿ ನೀವೇ ನೋಡಿಕೊಳ್ಳಬಹುದು.

ಇ20 ಅಂದರೆ ನೂರು ಲೀಟರಿನಲ್ಲಿ 20 ಲೀಟರ್ ಎಥೆನಾಲ್ ಎಂಬ ಆಲ್ಕೋಹಾಲ್, 80 ಲೀಟರ್ ಪೆಟ್ರೋಲ್. 2022ರ ಜೂನ್ ಹೊತ್ತಿಗೆ ದೇಶದ ಸರಾಸರಿ ಮಿಶ್ರಣ ಶೇ. 10, ಅಂದರೆ ಇ10, ಮುಟ್ಟಿತ್ತು. ಇ20 ಮಾರಾಟಕ್ಕೆ ಚಾಲನೆ ಸಿಕ್ಕಿದ್ದು ನಮ್ಮ ಬೆಂಗಳೂರಲ್ಲೇ, 2023ರ ಫೆಬ್ರವರಿ 6ರಂದು. ಆಗ ಅದು 11 ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳ 84 ಬಂಕುಗಳಿಗೆ ಸೀಮಿತ. 2025ಕ್ಕೆ ಬರುವಷ್ಟರಲ್ಲಿ ಸಾದಾ ಪೆಟ್ರೋಲ್ ಅಂದರೇ ಇ20 ಎನ್ನುವಂತಾಯಿತು. ಎಥೆನಾಲ್ ಇಲ್ಲದ ಪೆಟ್ರೋಲಿನ ಆಯ್ಕೆಯೂ ಇರಲಿ ಎಂದು ಕೋರಿದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ವಜಾ ಮಾಡಿತು. ಹಾಗಾಗಿ "ನನಗೆ ಹಳೇ ಇ10 ಕೊಡಿ" ಎಂದು ಬಂಕಿನಲ್ಲಿ ಜಗಳ ಆಡಿ ಪ್ರಯೋಜನವಿಲ್ಲ.

ಮೊದಲು ಕಾರಿನ ಜಾತಕ

ಬೇರೆ ಏನೇ ಲೆಕ್ಕ ಹಾಕುವ ಮೊದಲು ಆರ್‌ಸಿ ತೆಗೆದು ತಯಾರಾದ ತಿಂಗಳು ನೋಡಿ. ನೋಂದಣಿಯ ದಿನ ಬೇಡ. ಡೀಲರ್ ಅಂಗಳದಲ್ಲಿ ನಾಲ್ಕು ತಿಂಗಳು ಬಿಸಿಲು ಕಾದು ಆಮೇಲೆ ನೋಂದಣಿಯಾದ ಗಾಡಿಗಳು ಬೇಕಾದಷ್ಟಿವೆ. ಆ ತಿಂಗಳಿನ ಮೇಲೆ ನಿಮ್ಮ ಕಾರು ನಾಲ್ಕರಲ್ಲಿ ಒಂದು ಗುಂಪಿಗೆ ಸೇರುತ್ತದೆ.

2025ರ ಏಪ್ರಿಲ್‌ನಿಂದ ಈಚಿನದಾದರೆ ರಬ್ಬರು, ಲೋಹ, ಎಂಜಿನ್ ಟ್ಯೂನಿಂಗ್ ಮೂರೂ ಇ20ಗೆ ಹೊಂದಿಕೊಂಡವು. 2023ರ ಏಪ್ರಿಲ್‌ನಿಂದ 2025ರ ಮಾರ್ಚ್ ನಡುವಿನದಾದರೆ ಭಾಗಗಳು ಇ20 ತಡೆಯುತ್ತವೆ, ಟ್ಯೂನಿಂಗ್ ಮಾತ್ರ ಇ10ರದು. ಹಾಳಾಗುವ ಭಯವಿಲ್ಲ, ಮೈಲೇಜು ಚೂರು ಇಳಿಯುತ್ತದೆ. 2008ರಿಂದ 2023ರ ಮಾರ್ಚ್‌ವರೆಗಿನವು ಸಾಮಾನ್ಯವಾಗಿ ಇ10 ತಡೆಯುವ ರಬ್ಬರಿನವು. ನಮ್ಮ ರಸ್ತೆಯ ಮೇಲಿನ ದೊಡ್ಡ ಪಾಲು ಇದೇ, ಗೊಂದಲವೆಲ್ಲ ಇವರದ್ದೇ. ಅದಕ್ಕೂ ಹಿಂದಿನವು, ಅದರಲ್ಲೂ ಇಂಜೆಕ್ಟರ್ ಬದಲು ಗಾಳಿ-ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರ್ ಇರುವ ಹಳೇ ಮಾರುತಿ 800, ಪದ್ಮಿನಿ, ಅಂಬಾಸಿಡರ್, ಇವನ್ನು ಬೇರೆಯೇ ಇಟ್ಟು ಮಾತಾಡಬೇಕು.

ಪೆಟ್ರೋಲ್ ಮುಚ್ಚಳದ ಒಳಬದಿಯ ಸ್ಟಿಕರ್ ಮತ್ತು ಮಾಲೀಕರ ಕೈಪಿಡಿಯ ಇಂಧನದ ಪುಟ ಕೂಡ ಓದಿ. ಆರ್‌ಸಿಯ ತಿಂಗಳು ಒಂದು ಹೇಳಿ ಕೈಪಿಡಿ ಇನ್ನೊಂದು ಹೇಳಿದರೆ ಕೈಪಿಡಿಯ ಮಾತೇ ಗಟ್ಟಿ.

ಜಾತಕ ಗೊತ್ತಾದ ಮೇಲೆ ಇನ್ನೂ ನಾಲ್ಕು ವಿಷಯ ಬೇಕು. ತಿಂಗಳಿಗೆ ಎಷ್ಟು ಕಿಲೋಮೀಟರ್ ಓಡುತ್ತದೆ. ಒಮ್ಮೆ ನಿಂತರೆ ಎಷ್ಟು ದಿನ ನಿಲ್ಲುತ್ತದೆ. ಎಂಜಿನ್ ಟರ್ಬೊನೋ (ಗಾಳಿಯನ್ನು ಒತ್ತಿ ತುಂಬುವಂಥದ್ದು) ಸಾದಾದೋ. ಈ ಕಾರನ್ನು ಇನ್ನೆಷ್ಟು ವರ್ಷ ಇಟ್ಟುಕೊಳ್ಳುತ್ತೀರಿ. ಮುಂದಿನ ಪ್ರತಿ ಆಯ್ಕೆಯನ್ನೂ ಇವುಗಳ ಎದುರಿಗಿಟ್ಟೇ ತೂಗಿದ್ದೇವೆ.

ಸಾದಾ ಇ20

ಮೈಲೇಜಿನಿಂದ ಶುರು ಮಾಡೋಣ, ಜನರ ಕೋಪ ಇರುವುದೇ ಅಲ್ಲಿ. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೌಲ್ ಶಕ್ತಿ, ಒಂದು ಲೀಟರ್ ಎಥೆನಾಲಿನಲ್ಲಿ ಸುಮಾರು 21. ಅಂದರೆ ಮೂರರಲ್ಲಿ ಎರಡು ಪಾಲು. ಗುಣಿಸಿ ನೋಡಿದರೆ ಇ20ಯಲ್ಲಿ ಶುದ್ಧ ಪೆಟ್ರೋಲಿಗಿಂತ ಶೇ. 6.5-7ರಷ್ಟು, ಇ10ಗಿಂತ ಶೇ. 3.5ರಷ್ಟು ಶಕ್ತಿ ಕಡಿಮೆ. ನೀತಿ ಆಯೋಗದ 2021ರ ಮಾರ್ಗನಕ್ಷೆಯೂ ಇದನ್ನೇ ಹೇಳಿತ್ತು: ಶುದ್ಧ ಪೆಟ್ರೋಲಿಗೆಂದು ವಿನ್ಯಾಸವಾಗಿ ಇ10ಗೆ ಟ್ಯೂನ್ ಆದ ಕಾರುಗಳಲ್ಲಿ ಶೇ. 6-7 ಇಳಿಕೆ, ಇ10ಗೆ ವಿನ್ಯಾಸವಾಗಿ ಇ20ಗೆ ಟ್ಯೂನ್ ಆದವುಗಳಲ್ಲಿ ಶೇ. 1-2.

"ಮೈಲೇಜು 15 ಇದ್ದದ್ದು 11ಕ್ಕೆ ಬಂತು" ಅನ್ನುವವರ ಗಾಡಿಯಲ್ಲಿ ಬೇರೇನೋ ಕೆಟ್ಟಿದೆ. ಹತ್ತಿಕೊಂಡಿರುವ ಬ್ರೇಕು, ಸುಸ್ತಾದ ಆಕ್ಸಿಜನ್ ಸೆನ್ಸರು, ಧೂಳು ಹಿಡಿದ ಏರ್ ಫಿಲ್ಟರು, ಇಲ್ಲವೇ ಬರೀ ಸಿಲ್ಕ್ ಬೋರ್ಡಿನ ಟ್ರಾಫಿಕ್ಕು. ಕಾಲು ಭಾಗ ಶಕ್ತಿ ಕಳೆಯುವ ತಾಕತ್ತು ಶೇ. 20 ಎಥೆನಾಲಿಗೆ ಇಲ್ಲ.

ದುಡ್ಡಿನ ಲೆಕ್ಕ. ಪೆಟ್ರೋಲ್ ₹102 ಎಂದಿಟ್ಟುಕೊಳ್ಳಿ, ನಿಮ್ಮ ಬಂಕಿನ ದರ ಹಾಕಿ ತಿದ್ದಿಕೊಳ್ಳಿ. ಇ10ರಲ್ಲಿ ಲೀಟರಿಗೆ 15 ಕಿ.ಮೀ. ಕೊಡುತ್ತಿದ್ದ ಕಾರು, ತಿಂಗಳಿಗೆ 1,000 ಕಿ.ಮೀ. ಓಟ. ಶೇ. 3.5 ಇಳಿದರೆ ತಿಂಗಳಿಗೆ ಸುಮಾರು 2.4 ಲೀಟರ್ ಹೆಚ್ಚು, ₹245ರ ಆಸುಪಾಸು. ತೀರಾ ಶೇ. 6 ಇಳಿದರೂ ₹435. ಇದು ನಷ್ಟವೇ, ಸುಳ್ಳು ಹೇಳುವುದು ಬೇಡ. ಇ10, ಇ20 ಇಂಧನಕ್ಕೆ ತೆರಿಗೆ ರಿಯಾಯಿತಿ ಕೊಟ್ಟು ಮೈಲೇಜಿನ ನಷ್ಟ ತುಂಬಿಕೊಡಿ ಎಂದು ಅದೇ ಮಾರ್ಗನಕ್ಷೆ ಸಲಹೆ ಮಾಡಿತ್ತು. ಬಂಕಿನ ದರಪಟ್ಟಿಯಲ್ಲಿ ಆ ರಿಯಾಯಿತಿ ಕಾಣಲಿಲ್ಲ. ಗ್ರಾಹಕ ದೂರಬೇಕಾದರೆ ಇದನ್ನು ದೂರಬೇಕು. ಎಂಜಿನ್ ಹಾಳಾಯಿತೆಂಬ ವಾಟ್ಸ್ಆ್ಯಪ್ ವಿಡಿಯೋಗಳಿಗಿಂತ ಇದು ಗಟ್ಟಿ ದೂರು.

ಇನ್ನು ಲಾಭದ ಬದಿ. ಆಕ್ಟೇನ್ ಅಂದರೆ ಇಂಧನ ಹೊತ್ತಿಗೆ ಮೊದಲೇ ಸಿಡಿದು ಎಂಜಿನ್ ಕಟಕಟ ಅನ್ನದಂತೆ ತಡೆಯುವ ಶಕ್ತಿಯ ಅಂಕಿ. ಎಥೆನಾಲಿನದು ಸುಮಾರು 108. ಹಾಗಾಗಿ 91 ಆಕ್ಟೇನ್ ಇದ್ದ ಸಾದಾ ಪೆಟ್ರೋಲು ಇ20 ಆದ ಮೇಲೆ 95ರ ಹತ್ತಿರ ಬಂದಿದೆ. ಅದರ ಜೊತೆಗೆ ಎಥೆನಾಲ್ ಆವಿಯಾಗುವಾಗ ಸುತ್ತಲಿನ ಗಾಳಿಯಿಂದ ಪೆಟ್ರೋಲಿಗಿಂತ ಹೆಚ್ಚು ಶಾಖ ಹೀರಿಕೊಳ್ಳುತ್ತದೆ, ಸಿಲಿಂಡರಿನೊಳಗೆ ಹೋಗುವ ಗಾಳಿ ತಣ್ಣಗಿರುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಎಸಿ ಹಾಕಿಕೊಂಡು, ನಾಲ್ಕು ಜನ ಕೂತು, ಮೂರನೇ ಗೇರಿನಲ್ಲಿ ಚಾರ್ಮಾಡಿ ಹತ್ತುವಾಗ ಟರ್ಬೊ ಎಂಜಿನ್ ಕಟಕಟ ಅನ್ನದೆ ಎಳೆದರೆ ಅದರಲ್ಲಿ ಎಥೆನಾಲಿನ ಪಾಲೂ ಇದೆ. ಆ ಕಟಕಟವನ್ನು ಗುರುತಿಸುವ ನಾಕ್ ಸೆನ್ಸರ್ ಇರುವ ಹೊಸ ಟರ್ಬೊ ಎಂಜಿನ್ನು ಈ ಹೆಚ್ಚುವರಿ ಆಕ್ಟೇನನ್ನು ಬಳಸಿಕೊಳ್ಳಬಲ್ಲದು. 88 ಆಕ್ಟೇನ್ ಕಾಲದ ಹಳೇ ಎಂಜಿನ್ನಿಗೆ ಅದರಿಂದ ನಯಾಪೈಸೆ ಲಾಭವಿಲ್ಲ.

ಇಂಜೆಕ್ಟರ್ ಇರುವ ಕಾರು ಇ20ಗೆ ತಾನೇ ಹೇಗೆ ಹೊಂದಿಕೊಳ್ಳುತ್ತದೆ ಅನ್ನುವುದನ್ನು ಕಣ್ಣಾರೆ ನೋಡಬಹುದು. ಸಾವಿರ ರೂಪಾಯಿಯೊಳಗೆ ಸಿಗುವ ಕಾರಿನ ಕಂಪ್ಯೂಟರನ್ನು ಓದುವ ಬ್ಲೂಟೂತ್ ಓಬಿಡಿ ಡಾಂಗಲ್ ಒಂದನ್ನು ಸ್ಟಿಯರಿಂಗ್ ಕೆಳಗಿನ ಸಾಕೆಟ್ಟಿಗೆ ಚುಚ್ಚಿ, ಫೋನಿನ ಆ್ಯಪಿನಲ್ಲಿ 'ಲಾಂಗ್ ಟರ್ಮ್ ಫ್ಯುಯಲ್ ಟ್ರಿಮ್' ತೆರೆಯಿರಿ. ಕಾರು ತಾನಾಗಿ ಇಂಧನವನ್ನು ಶೇಕಡಾ ಎಷ್ಟು ಹೆಚ್ಚು-ಕಡಿಮೆ ಮಾಡಿಕೊಂಡಿದೆ ಎಂಬ ತಿದ್ದುಪಡಿಯ ಅಂಕಿ ಅದು. ಪೆಟ್ರೋಲು ಪೂರ್ತಿ ಉರಿಯಲು ಒಂದು ಕಿಲೋಗೆ 14.7 ಕಿಲೋ ಗಾಳಿ ಬೇಕು, ಇ10ಗೆ 14.1, ಇ20ಗೆ 13.5ರಷ್ಟು. ಅಷ್ಟೇ ಗಾಳಿಗೆ ಹೆಚ್ಚು ಇಂಧನ ಬೇಕಾದ್ದರಿಂದ ಇ10ಗೆ ಟ್ಯೂನ್ ಆದ ಕಾರಿನಲ್ಲಿ ಈ ಅಂಕಿ ಪ್ಲಸ್ 4ರ ಸುತ್ತ ಏರುತ್ತದೆ. ಅಷ್ಟು ಸಹಜ. ಪ್ಲಸ್ 10 ದಾಟಿದರೆ ಗಾಳಿ ಸೋರಿಕೆ, ಕಟ್ಟಿದ ಫಿಲ್ಟರು, ಬಳಲಿದ ಪಂಪು ಹುಡುಕಬೇಕು. ತಿದ್ದುಪಡಿಯ ಮಿತಿ ಸಾಮಾನ್ಯವಾಗಿ 25ರ ಆಸುಪಾಸು. ಮುಟ್ಟಿದರೆ ಚೆಕ್ ಎಂಜಿನ್ ದೀಪ ಹತ್ತಿ, ಗಾಳಿಗೆ ತಕ್ಕಷ್ಟು ಇಂಧನವಿಲ್ಲ ಎನ್ನುವ ಪಿ0171 ಕೋಡು ಬರುತ್ತದೆ. ಆ ಕೋಡು ಬಂದ ಕಾರಿಗೆ "ಇ20 ಸಾರ್, ಏನೂ ಮಾಡಕ್ಕಾಗಲ್ಲ" ಎಂದು ಹೇಳಿ ಕಳಿಸುವ ಗ್ಯಾರೇಜನ್ನು ಬದಲಾಯಿಸಿ.

95 ಆಕ್ಟೇನಿನ ಬಣ್ಣದ ಪೆಟ್ರೋಲ್

ಎಕ್ಸ್‌ಪಿ95, ಪವರ್95, ಸ್ಪೀಡ್ ಮುಂತಾದವು. ಲೀಟರಿಗೆ ಎಂಟು-ಹತ್ತು ರೂಪಾಯಿ ಹೆಚ್ಚು. ಎಥೆನಾಲ್ ತಪ್ಪಿಸಿಕೊಳ್ಳಬೇಕೆಂದು ಇದನ್ನು ಹಾಕಿಸುವವರು ತಿಳಿಯಬೇಕಾದ್ದು ಇಷ್ಟೇ: ಇವಕ್ಕೂ ಎಥೆನಾಲ್ ಬೆರೆಯುತ್ತದೆ. ಸಾದಾ ಇ20 ತಾನೇ 95ರ ಹತ್ತಿರ ಬಂದ ಮೇಲೆ ಆಕ್ಟೇನಿನ ವ್ಯತ್ಯಾಸವೂ ಹೇಳಿಕೊಳ್ಳುವಂಥದ್ದಲ್ಲ. ಉಳಿಯುವುದು ಇಂಜೆಕ್ಟರ್ ತೊಳೆಯುವ ಡಿಟರ್ಜೆಂಟ್ ಒಂದೇ. ಅದು ಬೇಕೆನಿಸಿದರೆ 5,000 ಕಿ.ಮೀ.ಗೊಮ್ಮೆ ಒಂದು ಟ್ಯಾಂಕ್ ಹಾಕಿಸಿ, ಸಾಕು.

100 ಆಕ್ಟೇನ್

ಸಾಮಾನ್ಯವಾಗಿ ಎಥೆನಾಲ್ ಇಲ್ಲದೆ ಬರುವುದು ಇದೊಂದೇ. ಬೆಲೆ ಲೀಟರಿಗೆ ₹160ರ ಮೇಲೆ, ಸಿಗುವುದು ದೊಡ್ಡ ಊರುಗಳ ಆಯ್ದ ಬಂಕುಗಳಲ್ಲಿ.

ಮೇಲಿನ ಅದೇ ಕಾರಿನ ಲೆಕ್ಕ ಮಾಡಿ. ಎಥೆನಾಲ್ ಇಲ್ಲದ್ದರಿಂದ ಮೈಲೇಜು 15.5 ಸಿಕ್ಕಿತೆಂದರೂ ಸಾವಿರ ಕಿ.ಮೀ.ಗೆ 64.5 ಲೀಟರ್, ₹10,320. ಇ20ಯಲ್ಲಿ 69 ಲೀಟರ್, ₹7,040ರಷ್ಟು. ವ್ಯತ್ಯಾಸ ತಿಂಗಳಿಗೆ ₹3,280, ವರ್ಷಕ್ಕೆ ₹39,000ದ ಮೇಲೆ. ಇ20ಯಿಂದ ಹಾಳಾಗಬಹುದೆಂದು ನೀವು ಹೆದರುವ ರಬ್ಬರು, ಫಿಲ್ಟರು, ಬೇಕಾದರೆ ಫ್ಯುಯಲ್ ಪಂಪನ್ನೂ ಸೇರಿಸಿ ಬದಲಾಯಿಸಿದರೂ ಮಾಮೂಲಿ ಕಾರಿನಲ್ಲಿ ಇಷ್ಟು ಖರ್ಚಾಗುವುದಿಲ್ಲ. ಅದೂ ವರ್ಷ ವರ್ಷ ಬರುವ ಖರ್ಚಲ್ಲ.

ಹಾಗಾದರೆ ಇದು ಯಾರಿಗೆ? ಅಪ್ಪನ ಕಾಲದ ಪದ್ಮಿನಿಯನ್ನು ಪಾಲಿಶ್ ಮಾಡಿಟ್ಟುಕೊಂಡು ತಿಂಗಳಿಗೆ 50 ಕಿ.ಮೀ. ಓಡಿಸುವವರಿಗೆ. ಅವರಿಗೆ ತಿಂಗಳಿಗೆ ಐದಾರು ಲೀಟರ್ ಸಾಕು, ಹೆಚ್ಚುವರಿ ಖರ್ಚು ₹350 ದಾಟದು. ಸಿಗದ ಕಾರ್ಬ್ಯುರೇಟರ್ ಡಯಾಫ್ರಮ್ (ಒಳಗಿನ ತೆಳು ಪೊರೆ) ಹುಡುಕುತ್ತಾ ಊರೂರು ಅಲೆಯುವುದಕ್ಕಿಂತ ಅಗ್ಗ. ಕೈಪಿಡಿಯಲ್ಲೇ ಹೆಚ್ಚಿನ ಆಕ್ಟೇನ್ ಬೇಕೆಂದು ಬರೆದಿರುವ ಆಮದು ಕಾರಿನವರಿಗೂ ಸರಿ. ಉಳಿದವರಿಗೆ ದುಂದು.

ನಿಜವಾಗಿಯೂ ಎಥೆನಾಲ್ ಇದೆಯೋ ಇಲ್ಲವೋ ಎಂಬ ಅನುಮಾನ ಬಂದರೆ ಮನೆಯಲ್ಲೇ ನೋಡಬಹುದು. 100 ಮಿ.ಲೀ.ನ ಗಾಜಿನ ಅಳತೆ ಸಿಲಿಂಡರ್ ತನ್ನಿ, ಪ್ಲಾಸ್ಟಿಕ್ಕಿನದು ಬೇಡ. ಬಯಲಲ್ಲಿ, ಬೆಂಕಿ-ಬೀಡಿ ದೂರ ಇಟ್ಟು, ಮೊದಲು 10 ಮಿ.ಲೀ. ನೀರು ಹಾಕಿ, ಮೇಲೆ 90 ಮಿ.ಲೀ. ಪೆಟ್ರೋಲ್ ತುಂಬಿ. ಬಿರಡೆ ಹಾಕಿ ಹತ್ತು ಸಲ ಮೆಲ್ಲಗೆ ತಲೆಕೆಳಗು ಮಾಡಿ, ನಡುನಡುವೆ ಬಿರಡೆ ಸಡಿಲಿಸಿ ಒತ್ತಡ ಬಿಡಿ, ಹತ್ತು ನಿಮಿಷ ಹಾಗೇ ಇಡಿ. ಎಥೆನಾಲ್ ಪೆಟ್ರೋಲನ್ನು ಬಿಟ್ಟು ನೀರಿನ ಕಡೆ ಓಡುತ್ತದೆ. ಕೆಳಗಿನ ಪದರದ ಗೆರೆ 10ರಲ್ಲೇ ನಿಂತರೆ ಎಥೆನಾಲ್ ಇಲ್ಲ. 18-19ಕ್ಕೆ ಏರಿದರೆ ಇ10. 26-28ರ ನಡುವೆ ನಿಂತರೆ ಇ20. ಗೆರೆ ಇನ್ನೂ ಮೇಲೆ ಹೋದರೆ ಬಂಕಿನ ಮ್ಯಾನೇಜರ್ ಹತ್ತಿರ ಮಾತಾಡುವ ಕಾಲ ಬಂದಿದೆ ಎಂದರ್ಥ. ಪರೀಕ್ಷೆಗೆ ಬಳಸಿದ್ದನ್ನು ಮತ್ತೆ ಟ್ಯಾಂಕಿಗೆ ಸುರಿಯಬೇಡಿ.

ಬಾಟಲಿ ಔಷಧಿ

ಎಥೆನಾಲ್ ನಿವಾರಕ ಎಂದು ಹೆಸರಿಟ್ಟು ಮಾರುವ ಯಾವ ಬಾಟಲಿಯೂ ಟ್ಯಾಂಕಿನ ಎಥೆನಾಲನ್ನು ತೆಗೆಯುವುದಿಲ್ಲ, ಕಳೆದ ಶಕ್ತಿಯನ್ನು ತುಂಬುವುದೂ ಇಲ್ಲ. ತುಕ್ಕು ತಡೆಯುವ ರಾಸಾಯನಿಕ ಸ್ವಲ್ಪ ಇದ್ದೀತು. ನೀರು ತೆಗೆಯುವ ಔಷಧಿ ಎಂದು ಬರುವ ಕೆಲವು ಬಾಟಲಿಗಳ ಒಳಗಿರುವುದು ಐಸೋಪ್ರೊಪೈಲ್ ಆಲ್ಕೋಹಾಲ್. ಆಲ್ಕೋಹಾಲಿನ ಭಯಕ್ಕೆ ದುಡ್ಡು ಕೊಟ್ಟು ಆಲ್ಕೋಹಾಲೇ ಸುರಿದಂತೆ.

ರಬ್ಬರು ಬದಲಾಯಿಸಿ ಇ20ಯಲ್ಲೇ ಇರುವುದು

2008-2023ರ ನಡುವಿನ ಕಾರನ್ನು ಇನ್ನೂ ನಾಲ್ಕೈದು ವರ್ಷ ಇಟ್ಟುಕೊಳ್ಳುವವರಿಗೆ ನಮ್ಮ ಮತ ಇದಕ್ಕೆ.

ಏನಾಗುತ್ತದೆ ಅನ್ನುವುದನ್ನು ಮೊದಲು ತಿಳಿಯಿರಿ. ಹಳೇ ನೈಟ್ರೈಲ್ ರಬ್ಬರು ಎಥೆನಾಲಿನಲ್ಲಿ ಉಬ್ಬುತ್ತದೆ. ಕಾರು ನಿಂತು ಒಣಗಿದಾಗ ಕುಗ್ಗಿ ಗಡಸಾಗುತ್ತದೆ. ಈ ಉಬ್ಬು-ಕುಗ್ಗಾಟದಲ್ಲೇ ಬಿರುಕು ಬೀಳುವುದು. ಹೋಸನ್ನು ಬೆರಳಲ್ಲಿ ಹಿಂಡಿ ನೋಡಿದರೆ ಗೊತ್ತಾಗುತ್ತದೆ: ಒಳ್ಳೆಯದು ಹಿಂಡಿದಾಗ ಬಗ್ಗಿ ಮತ್ತೆ ನೆಟ್ಟಗಾಗುತ್ತದೆ, ಕೆಟ್ಟದ್ದು ಒಂದೋ ಅಂಟಂಟಾಗಿ ಮೆತ್ತಗಿರುತ್ತದೆ, ಇಲ್ಲವೇ ಬಳಪದಂತೆ ಗಡಸಾಗಿ, ಕ್ಲಿಪ್ಪಿನ ಅಂಚಿನಲ್ಲಿ ಕೂದಲೆಳೆ ಬಿರುಕು ಬಿಟ್ಟಿರುತ್ತದೆ. ಬೆಳಿಗ್ಗೆ ಗ್ಯಾರೇಜಿನ ಬಾಗಿಲು ತೆಗೆದಾಗ ಪೆಟ್ರೋಲ್ ವಾಸನೆ ಹೊಡೆದರೆ ಅದೇ ಮೊದಲ ಸೂಚನೆ. ಅದನ್ನು ನಾಳೆಗೆ ಬಿಡಬೇಡಿ. ಬಿಸಿ ಎಂಜಿನ್ ಮೇಲೆ ತೊಟ್ಟಿಕ್ಕಿದರೆ ಬೆಂಕಿ.

ಎಥೆನಾಲಿಗೆ ಇನ್ನೊಂದು ಗುಣ, ತೊಳೆಯುವುದು. ಹಳೇ ಟ್ಯಾಂಕಿನ ತಳದಲ್ಲಿ ವರ್ಷಗಳಿಂದ ಕೂತ ಗೋಂದು, ತುಕ್ಕಿನ ಪುಡಿ ಎಲ್ಲ ಎಬ್ಬಿಸಿ ಫಿಲ್ಟರಿಗೆ ತಂದು ಕಟ್ಟುತ್ತದೆ. ಕಾರು ನಿಂತಿದ್ದಾಗ ಎಂಜಿನ್ ಚೆನ್ನಾಗಿ ಓಡಿ, ಓವರ್‌ಟೇಕ್ ಮಾಡಲು ಕಾಲು ಒತ್ತಿದಾಗ ಮಾತ್ರ ಉಸಿರು ಕಟ್ಟಿದಂತೆ ಎಳೆದಾಡಿದರೆ ಮೊದಲ ಅನುಮಾನ ಫಿಲ್ಟರಿನ ಮೇಲೆ.

ಮೆಕ್ಯಾನಿಕ್ಕಿಗೆ ಹೇಳಬೇಕಾದ ಪಟ್ಟಿ:

- ಎಂಜಿನ್ ಬದಿಯ ರಬ್ಬರ್ ಫ್ಯುಯಲ್ ಹೋಸುಗಳು. ಇಂಜೆಕ್ಟರ್ ಕಾರಿಗೆ ಎಸ್‌ಎಇ ಜೆ30 ಆರ್9 ಎಂದು ಮೇಲೆ ಅಚ್ಚಾಗಿರುವುದೇ ಬೇಕು. ಅಚ್ಚಿಲ್ಲದ ಮೀಟರ್ ಲೆಕ್ಕದ ಕರಿ ಪೈಪು ಬೇಡ. ಟ್ಯಾಂಕಿನ ಒಳಗೆ ಮುಳುಗಿರುವ ತುಂಡಿಗೆ ಆರ್10 ದರ್ಜೆ. ಹೊರಗಿನ ಹೋಸನ್ನು ಒಳಗೆ ಹಾಕಿದರೆ ಅದರ ಹೊರಪದರ ಕರಗುತ್ತದೆ.
- ಇಂಜೆಕ್ಟರ್ ಓ-ರಿಂಗುಗಳು, ನಾಲ್ಕು ಸಿಲಿಂಡರಿಗೆ ಎಂಟು. ವೈಟಾನ್ ಅಥವಾ ಎಫ್‌ಕೆಎಂ ಎಂದು ಕೇಳಿ ತನ್ನಿ.
- ಫ್ಯುಯಲ್ ಫಿಲ್ಟರು. ಕೆಲವು ಕಾರುಗಳಲ್ಲಿ ಹೊರಗಿರುತ್ತದೆ, ಹಲವದರಲ್ಲಿ ಟ್ಯಾಂಕಿನೊಳಗೆ ಪಂಪಿನ ಜೊತೆ.
- ಪಂಪ್ ಕೂರುವ ಜಾಗದ ದೊಡ್ಡ ಸೀಲು. ಪಂಪ್ ಒಮ್ಮೆ ಬಿಚ್ಚಿದರೆ ಹಳೇ ಸೀಲು ಉಬ್ಬಿ ಮತ್ತೆ ಕೂರುವುದಿಲ್ಲ, ಹೊಸದನ್ನು ಕೈಯಲ್ಲಿಟ್ಟುಕೊಂಡೇ ಬಿಚ್ಚಿಸಿ.
- ಪೆಟ್ರೋಲ್ ಮುಚ್ಚಳದ ರಿಂಗು. ಚಿಕ್ಕ ವಸ್ತು, ನೀರು ಒಳಗಿಳಿಯುವುದು ಇಲ್ಲಿಂದಲೇ.

ಎಲ್ಲವನ್ನೂ ಒಂದೇ ದಿನ ಮಾಡಿಸಬೇಕೆಂದಿಲ್ಲ. ಮುಚ್ಚಳದ ರಿಂಗು, ಫಿಲ್ಟರು ಈಗಲೇ. ಹೋಸುಗಳನ್ನು ಹಿಂಡಿ ನೋಡಿ ತೀರ್ಮಾನಿಸಿ. ಹಳೇ ವಾಹನಗಳಲ್ಲಿ 20-30 ಸಾವಿರ ಕಿ.ಮೀ. ಇ20 ಓಡಿದ ಮೇಲೆ ಕೆಲವು ರಬ್ಬರ್ ಭಾಗ, ಗ್ಯಾಸ್ಕೆಟ್ ಬದಲಾಯಿಸುವ ಸಲಹೆ ಬರಬಹುದೆಂದು ಪೆಟ್ರೋಲಿಯಂ ಸಚಿವಾಲಯವೂ 2025ರ ಆಗಸ್ಟಿನಲ್ಲಿ ಹೇಳಿದೆ. ಬಿಲ್ಲಿನಲ್ಲಿ ಭಾಗದ ಸಂಖ್ಯೆ ಬರೆಸಿಕೊಳ್ಳಿ, ಮುಂದೆ ಕಾರು ಮಾರುವಾಗ ಅದಕ್ಕೂ ಬೆಲೆಯುಂಟು. ವಾರಂಟಿ ಇನ್ನೂ ಉಳಿದಿರುವ ಕಾರಾದರೆ ಕೈಗೆ ಬಂದ ಹೋಸು ಹಾಕಿಸದೆ ಕಂಪನಿಯ ಸರ್ವಿಸ್ ಸೆಂಟರಿಗೆ ಇಮೇಲ್ ಬರೆದು ಲಿಖಿತ ಉತ್ತರ ಪಡೆಯಿರಿ. ಕೌಂಟರಿನಲ್ಲಿ ಹೇಳಿದ ಮಾತು ಕ್ಲೇಮಿಗೆ ಬರುವುದಿಲ್ಲ.

ಕಾರ್ಬ್ಯುರೇಟರ್ ಕಾರಿಗೆ ತನ್ನಿಂತಾನೇ ತಿದ್ದಿಕೊಳ್ಳುವ ಮೆದುಳಿಲ್ಲ. ಇ20 ಹಾಕಿದರೆ ಗಾಳಿ ಹೆಚ್ಚಾಗಿ, ಇಂಧನ ಕಡಿಮೆಯಾಗಿ ಉರಿಯುತ್ತದೆ. ಎಂಜಿನ್ ಬಿಸಿ, ಪಿಕಪ್ ಸಪ್ಪೆ, ಸ್ಪಾರ್ಕ್ ಪ್ಲಗ್ಗಿನ ಮೂತಿ ಸುಣ್ಣದಂತೆ ಬಿಳಿ. ಶುದ್ಧ ಪೆಟ್ರೋಲಿಗೆ ಹೋಲಿಸಿದರೆ ಶೇ. 8ರಷ್ಟು ಹೆಚ್ಚು ಇಂಧನ ಬೇಕು. ಕಾರ್ಬ್ಯುರೇಟರಿನೊಳಗೆ ಪೆಟ್ರೋಲ್ ಹರಿಯುವ ತೂತಿನ ಭಾಗವೇ ಜೆಟ್. ಜೆಟ್ಟಿನ ರಂಧ್ರದ ವ್ಯಾಸವನ್ನು ಶೇ. 4 ಹಿಗ್ಗಿಸಿದರೆ ವಿಸ್ತೀರ್ಣ ಶೇ. 8 ಹಿಗ್ಗುತ್ತದೆ. ಹಾಗಾಗಿ 100ರ ಮೇನ್ ಜೆಟ್ ಇದ್ದರೆ 102.5 ಹಾಕಿಸಿ ನೋಡಿ, ಪ್ಲಗ್ ಇನ್ನೂ ಬೆಳ್ಳಗಿದ್ದರೆ 105. ಮೂತಿ ತಿಳಿ ಕಂದು ಬಣ್ಣಕ್ಕೆ ಬಂದರೆ ಸರಿಯಾಯಿತು. ಕಾರ್ಕಿನ ಗ್ಯಾಸ್ಕೆಟ್ಟು ಇದ್ದರೆ ಅದನ್ನೂ ತೆಗೆಸಿ.

ನಿಂತ ಕಾರಿನ ಕಥೆ ಬೇರೆ

ದುಬೈ-ಕುವೈತಿನಲ್ಲಿದ್ದು ವರ್ಷಕ್ಕೊಮ್ಮೆ ಉಡುಪಿಗೋ ಕುಂದಾಪುರಕ್ಕೋ ಬಂದು ಹೋಗುವವರ ಕಾರು ಹತ್ತು ತಿಂಗಳು ಶೆಡ್ಡಿನಲ್ಲೇ. ಇ20ಯ ನಿಜವಾದ ತೊಂದರೆ ಓಡುವ ಕಾರಿಗಿಂತ ಇಂಥವಕ್ಕೇ ಹೆಚ್ಚು.

ಎಥೆನಾಲ್ ನೀರನ್ನು ತನ್ನೊಳಗೆ ಕರಗಿಸಿಕೊಳ್ಳುತ್ತದೆ. ಇ10 ಅರ್ಧ ಪರ್ಸೆಂಟಿನಷ್ಟು ನೀರು ತಡೆಯುತ್ತದೆ, ಇ20 ಅದಕ್ಕಿಂತ ಸ್ವಲ್ಪ ಹೆಚ್ಚು. 40 ಲೀಟರ್ ತುಂಬಿದ ಟ್ಯಾಂಕಿನಲ್ಲಿ ಒಂದು ಲೋಟದಷ್ಟು ನೀರಿದ್ದರೂ ನಡೆಯುತ್ತದೆ, ಅದು ಕರಗಿ ಎಂಜಿನ್ನಿನ ಮೂಲಕ ಆವಿಯಾಗಿ ಹೋಗುತ್ತದೆ. ಐದೇ ಲೀಟರ್ ಇದ್ದರೆ ಎರಡು ಚಮಚ ನೀರಿಗೇ ಮಿತಿ ಹತ್ತಿರ ಬರುತ್ತದೆ. ಮಿತಿ ದಾಟಿದರೆ ನೀರೂ ಎಥೆನಾಲೂ ಜೊತೆಗೂಡಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕಿಳಿಯುತ್ತವೆ. ಪಂಪ್ ಹೀರುವುದು ತಳದಿಂದಲೇ. ಕಾರು ಸ್ಟಾರ್ಟ್ ಆಗುವುದಿಲ್ಲ, ಸ್ಟಾರ್ಟ್ ಆದರೂ ಎರಡು ನಿಮಿಷದಲ್ಲಿ ಕೆಮ್ಮಿ ನಿಲ್ಲುತ್ತದೆ. ಆಗ ಮೇಲಿಂದ ಹೊಸ ಪೆಟ್ರೋಲ್ ಸುರಿದರೆ ಆ ಪದರ ಸುಲಭಕ್ಕೆ ಕರಗದು. ಟ್ಯಾಂಕ್ ಇಳಿಸಿ ಪೂರ್ತಿ ಖಾಲಿ ಮಾಡಿಸುವುದೊಂದೇ ದಾರಿ.

ಆದ್ದರಿಂದ ಕಾರನ್ನು ಬಿಟ್ಟು ಹೋಗುವ ಮುನ್ನ ಟ್ಯಾಂಕ್ ತುಂಬಿಸಿ. ಗಾಳಿಗೆ ಜಾಗ ಕಮ್ಮಿಯಾದಷ್ಟೂ ತೇವ ಕಮ್ಮಿ. ಮುಚ್ಚಳದ ರಿಂಗು ಹೊಸದಿರಲಿ. ಮನೆಯಲ್ಲಿ ಯಾರಾದರೂ ಇದ್ದರೆ ಎರಡು-ಮೂರು ವಾರಕ್ಕೊಮ್ಮೆ ಇಪ್ಪತ್ತು ಕಿ.ಮೀ. ಓಡಿಸಲಿ. ನಿಂತಲ್ಲೇ ಐದು ನಿಮಿಷ ಸ್ಟಾರ್ಟ್ ಮಾಡಿಟ್ಟರೆ ಬ್ಯಾಟರಿಗೂ ಸಾಲದು, ಎಂಜಿನ್ ಆಯಿಲಿನಲ್ಲಿ ತೇವ ಬೇರೆ ಕೂರುತ್ತದೆ. ಕೊನೆಯ ಟ್ಯಾಂಕನ್ನು 100 ಆಕ್ಟೇನಿನಿಂದ ತುಂಬಿಸುವುದಾದರೆ ಮೊದಲಿದ್ದ ಇ20 ಮೀಸಲಿಗೆ ಬರುವವರೆಗೆ ಓಡಿಸಿ ಆಮೇಲೆ ತುಂಬಿಸಿ. ಅರ್ಧ ಇ20ಗೆ ಅರ್ಧ ಶುದ್ಧ ಪೆಟ್ರೋಲ್ ಸೇರಿದರೆ ಸಿಗುವುದು ಇ10, ಮತ್ತೇನಲ್ಲ.

ಇ85, ಇ100: ಆಸೆ ಬೇಡ, ಲೆಕ್ಕ ಇರಲಿ

2024ರ ಮಾರ್ಚಿನಲ್ಲಿ ಎಥೆನಾಲ್ 100 (ಇ100) ಎಂಬ ಇಂಧನ ಕರ್ನಾಟಕವೂ ಸೇರಿ ಐದು ಕಡೆಯ 183 ಬಂಕುಗಳಲ್ಲಿ ಶುರುವಾಯಿತು. ಹೆಸರು ನೂರಾದರೂ ಅದರಲ್ಲಿ ಎಥೆನಾಲ್ ಶೇ. 93ರ ಆಸುಪಾಸು, ಉಳಿದದ್ದು ಪೆಟ್ರೋಲ್ ಮತ್ತು ಬೆರಕೆ ಹಿಡಿದಿಡುವ ದ್ರಾವಕ. ಅದನ್ನು ಫ್ಲೆಕ್ಸ್ ಫ್ಯುಯಲ್, ಅಂದರೆ ಪೆಟ್ರೋಲ್-ಎಥೆನಾಲಿನ ಯಾವ ಬೆರಕೆಗೂ ಹೊಂದಿಕೊಳ್ಳುವಂಥದ್ದು, ಎಂದು ಕಂಪನಿಯೇ ಹೇಳಿದ ವಾಹನಕ್ಕೆ ಮಾತ್ರ ಹಾಕಬೇಕು. ಮಾಮೂಲಿ ಕಾರಿಗೆ ಹಾಕಿದರೆ ಇ20ಗಿಂತ ಶೇ. 40ರಷ್ಟಾದರೂ ಹೆಚ್ಚು ಇಂಧನ ಚಿಮ್ಮಿಸಬೇಕಾಗುತ್ತದೆ. ತಿದ್ದುಪಡಿಯ ಮಿತಿಯೇ 25 ಅಂದೆವಲ್ಲ, ಸಣ್ಣ ಇಂಜೆಕ್ಟರಿಗೂ ಅದು ಆಗದ ಕೆಲಸ.

ಮುಂದೆ ಫ್ಲೆಕ್ಸ್ ಕಾರು ಕೊಳ್ಳುವ ಅವಕಾಶ ಬಂದಾಗ ಬ್ರೆಜಿಲ್‌ನವರ ಸೂತ್ರ ಕೆಲಸಕ್ಕೆ ಬರುತ್ತದೆ. ಅಲ್ಲಿ 2003ರಿಂದ ಫ್ಲೆಕ್ಸ್ ಕಾರುಗಳಿವೆ, 2025ರ ಆಗಸ್ಟಿನಿಂದ ಸಾದಾ ಪೆಟ್ರೋಲೇ ಇ30. ಪೆಟ್ರೋಲ್ ಬೆಲೆಯ ಶೇ. 70ಕ್ಕಿಂತ ಎಥೆನಾಲ್ ಅಗ್ಗವಿದ್ದರೆ ಎಥೆನಾಲ್, ಇಲ್ಲದಿದ್ದರೆ ಪೆಟ್ರೋಲ್, ಇದು ಅಲ್ಲಿನ ಬಂಕಿನ ಲೆಕ್ಕ. ನಮ್ಮ ಇ20ಗೆ ಹೋಲಿಸಿದರೆ ಶಕ್ತಿಯ ಲೆಕ್ಕದಲ್ಲಿ ಇ85 (ಶೇ. 85 ಎಥೆನಾಲ್) ಶೇ. 76, ಇ100 ಶೇ. 71-72ಕ್ಕೆ ಬರುತ್ತದೆ. ಅಂದರೆ ಪೆಟ್ರೋಲ್ ₹102 ಇದ್ದಾಗ ಇ85 ₹77ಕ್ಕಿಂತ, ಇ100 ₹73ಕ್ಕಿಂತ ಅಗ್ಗ ಸಿಕ್ಕರೆ ಮಾತ್ರ ಜೇಬಿಗೆ ಲಾಭ.

ಕಬ್ಬಿನಿಂದಲೇ ಬರುವುದಲ್ಲವೇ, ಮಂಡ್ಯ-ಬೆಳಗಾವಿಯ ರೈತರಿಗೆ ಒಳ್ಳೆಯದಲ್ಲವೇ ಎಂಬ ಮಾತಿಗೆ ಎರಡು ಮುಖ ಇದೆ. ಕಾಕಂಬಿಗೆ ಖಾತ್ರಿ ಗಿರಾಕಿ ಸಿಕ್ಕಿದ್ದು ಹೌದು. ಕಬ್ಬಿನಿಂದ ಒಂದು ಲೀಟರ್ ಎಥೆನಾಲ್ ಮಾಡಲು ಸುಮಾರು 2,860 ಲೀಟರ್ ನೀರು ಬೇಕೆಂದು ನೀತಿ ಆಯೋಗದ ಅದೇ ವರದಿ ಬರೆದಿದ್ದೂ ಹೌದು.

ಕೊಳ್ಳಲು ಹೊರಟವರಿಗೆ

ಹೊಸ ಕಾರಿನವರಿಗೆ ತಲೆಬಿಸಿ ಇಲ್ಲ. ಹಳೇ ಕಾರು ಹುಡುಕುವವರು 2022ರ ಕೊನೆಯದಕ್ಕೂ 2023ರ ಮಧ್ಯದ್ದಕ್ಕೂ ಬೆಲೆಯಲ್ಲಿ ಇಪ್ಪತ್ತು-ಮೂವತ್ತು ಸಾವಿರದ ವ್ಯತ್ಯಾಸವಿದ್ದರೆ ಎರಡನೆಯದನ್ನೇ ಹಿಡಿಯಿರಿ. ತಿಂಗಳಿಗೆ 2,000 ಕಿ.ಮೀ. ದಾಟುವವರು ಯಾವ ಪೆಟ್ರೋಲ್ ಎಂದು ಯೋಚಿಸುವುದಕ್ಕಿಂತ, ದಾರಿಯಲ್ಲಿ ಬಂಕ್ ಇದೆಯೇ ನೋಡಿಕೊಂಡು ಸಿಎನ್‌ಜಿ ಕಡೆ ತಿರುಗುವುದು ಲೇಸು.

ಏನೇ ನಿರ್ಧರಿಸಿ, ಮೈಲೇಜನ್ನು ಡ್ಯಾಶ್‌ಬೋರ್ಡ್ ನೋಡಿ ಅಳೆಯಬೇಡಿ. ಒಂದೇ ಬಂಕು, ಒಂದೇ ನೋಝಲ್, ಅದು ತಾನಾಗಿ ಮೊದಲ ಸಲ ಕಟ್ ಆದಾಗ ನಿಲ್ಲಿಸಿ, 300 ಕಿ.ಮೀ. ಓಡಿಸಿ ಮತ್ತೆ ಮೊದಲ ಕಟ್‌ವರೆಗೆ ತುಂಬಿಸಿ ಭಾಗಿಸಿ. ಇದನ್ನು ಮೂರು ಟ್ಯಾಂಕ್ ಮಾಡಿ ಸರಾಸರಿ ತೆಗೆಯಿರಿ. ಶೇ. 3.5 ಅಂದರೆ 15ರಲ್ಲಿ ಅರ್ಧ ಕಿಲೋಮೀಟರ್. ಟೈರಿನ ಗಾಳಿ ಇಳಿದಿದ್ದರೆ ಅದರಲ್ಲಿ ಒಂದು ಪಾಲನ್ನು ಅದೇ ನುಂಗಿರಬಹುದು.

ಇನ್ನೊಂದು ಮಾತು ಮಲೆನಾಡಿನ ತೋಟದವರಿಗೆ. ಅದೇ ಬಂಕಿನ ಪೆಟ್ರೋಲನ್ನು ಕಳೆ ಕೊಚ್ಚುವ ಮೆಷಿನ್ನಿಗೂ ಗರಗಸಕ್ಕೂ ಹಾಕುತ್ತೀರಿ. ಅದರ ಪುಟ್ಟ ಕಾರ್ಬ್ಯುರೇಟರಿನೊಳಗಿನ ತೆಳು ಡಯಾಫ್ರಮ್ಮಿಗೆ ಇ20 ಕಾರಿಗಿಂತ ಬೇಗ ಪೆಟ್ಟು ಕೊಡುತ್ತದೆ, ಅದೂ ಟ್ಯಾಂಕಿನಲ್ಲಿ ಪೆಟ್ರೋಲ್ ಬಿಟ್ಟು ಮೂಲೆಗೆ ನಿಲ್ಲಿಸಿದಾಗ. ಕೆಲಸ ಮುಗಿದ ದಿನ ಟ್ಯಾಂಕ್ ಬರಿದು ಮಾಡಿ, ತಾನಾಗಿ ನಿಲ್ಲುವವರೆಗೆ ಓಡಿಸಿಟ್ಟುಬಿಡಿ. ಸೀಸನ್ನಿಗೆ ಐದು ಲೀಟರ್ ಸಾಕು ಅನ್ನುವವರು ಪೇಟೆಗೆ ಹೋದಾಗ ಲೋಹದ ಕ್ಯಾನಿನಲ್ಲಿ 100 ಆಕ್ಟೇನ್ ತಂದು ಟೂ-ಟಿ ಆಯಿಲ್ ಬೆರೆಸಿ ಬಳಸಬಹುದು. ಹೆಚ್ಚು ಬೀಳುವುದು ₹290. ಕಾರ್ಬ್ಯುರೇಟರ್ ಬಿಚ್ಚಿ ಡಯಾಫ್ರಮ್ ಹಾಕಿಸಲು ಸೀಸನ್ನಿನ ನಡುವೆ ಒಂದು ದಿನ ಕೆಲಸ ನಿಂತರೆ ಆಳಿನ ಕೂಲಿಯೇ ಅದಕ್ಕಿಂತ ಜಾಸ್ತಿ.